ಇನ್ನೊಬ್ಬರ ಕೇಸಿನ ಮೊಳೆ

ಕಂಪ್ಯೂಟರ್ ಪರದೆಯ ತಲೆಪಟ್ಟಿ ಕೆಂಪಾದದ್ದು ಗಿರಾಕಿಯ ಎದುರಿಗೇ. ಕಾಲೇಜಿನ ಪ್ರಾಧ್ಯಾಪಕರೊಬ್ಬರು ವಿಚಾರ ಸಂಕಿರಣದ ಆಮಂತ್ರಣ ಪತ್ರಿಕೆ ಮಾಡಿಸಲು ಬಂದಿದ್ದರು. ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತು, ಯಾವ ಅತಿಥಿಯ ಹೆಸರಿನ ಹಿಂದೆ ‘ಡಾ.’ ಬರಬೇಕು, ಯಾರ ಹಿಂದೆ ‘ಪ್ರೊ.’ ಬರಬೇಕು ಎಂದು ಹೇಳುತ್ತಿದ್ದರು. ಅಷ್ಟರಲ್ಲಿ ವರ್ಡ್ ಕಿಟಕಿಯ ನೆತ್ತಿ ಕೆಂಪಾಗಿ, ಇದು ಊರ್ಜಿತವಾದ ಪ್ರತಿಯಲ್ಲ ಎಂಬ ಅರ್ಥದ ಇಂಗ್ಲಿಷ್ ಸಾಲೊಂದು ಬಂದು ಕೂತಿತು. ನಾನು ಕುರ್ಚಿಯನ್ನು ಸ್ವಲ್ಪ ಓರೆಯಾಗಿಸಿ ಅವರಿಗೆ ಕಾಣದ ಹಾಗೆ ಮಾಡಲು ನೋಡಿದೆ. ಅವರು ನಕ್ಕರು. “ನಮ್ಮ ಮನ್ಯಾಗಿಂದೂ ಹಿಂಗ ಕೆಂಪಾಗತೈತಿ ಬಿಡ್ರಿ. ನಡಿತೈತಿ, ಟೈಪ್ ಮಾಡ್ರಿ” ಅಂದರು.

ಅವರು ಹೋದ ಮೇಲೆ, ಮೂಲೆಯಲ್ಲಿ ಕಾಗದದ ರೀಮುಗಳ ಪಕ್ಕ ಕೂತಿದ್ದ ಅಪ್ಪ ಕೇಳಿದ.

“ಏನಂತ ಬಂದಿತ್ತವಾ ಅದು, ಕೆಂಪಂದು?”

“ಏನಿಲ್ಲಪ್ಪಾ. ನಾವು ಇದಕ್ಕ ರೊಕ್ಕ ಕೊಟ್ಟಿಲ್ಲ ಅಂತ.”

“ಕಂಪ್ಯೂಟರಿಗೆ ರೊಕ್ಕ ಕೊಟ್ಟೀವಲ್ಲ, ಪಾವತಿ ಐತಲ್ಲ?”

“ಕಂಪ್ಯೂಟರಿಗೆ ಕೊಟ್ಟೀವಿ. ಒಳಗಿನ ಪ್ರೋಗ್ರಾಮಿಗೆ ಕೊಟ್ಟಿಲ್ಲ.”

“ಮತ್ತ ಅದು ಒಳಗ ಹೆಂಗ ಬಂತು?”

ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿತ್ತು, ಹೇಳುವ ಧೈರ್ಯ ಇರಲಿಲ್ಲ. ಅದು ರಿಪೇರಿ ಹುಡುಗನ ಪೆನ್‌ಡ್ರೈವಿನಿಂದ ಬಂದಿತ್ತು. ಮುನ್ನೂರು ರೂಪಾಯಿ ಇಸಿದುಕೊಂಡು, “ಅಕ್ಕಾರ, ಎಲ್ಲಾ ಹಾಕಿ ಕೊಟ್ಟೀನ್ರಿ, ಫುಲ್ ವರ್ಷನ್ ಐತಿ, ಇಂಟರ್‌ನೆಟ್ಟಿಗೆ ಜೋಡಿಸಿ ಅಪ್‌ಡೇಟ್ ಮಾತ್ರ ಮಾಡಬ್ಯಾಡ್ರಿ” ಎಂದು ಹೇಳಿ ಹೋಗಿದ್ದ. ನಾಲ್ಕು ಕಂಪ್ಯೂಟರುಗಳಲ್ಲೂ ಹಾಗೆಯೇ. ವಿಂಡೋಸ್ ಮಷಿನ್ನಿನ ಜೊತೆಗೇ ಬಂದದ್ದು. ಲಗ್ನಪತ್ರಿಕೆಗೆ ಬಳಸುವ ವಿನ್ಯಾಸದ ತಂತ್ರಾಂಶವನ್ನು ಹಿಂದೊಮ್ಮೆ ಸಾಲ ತೆಗೆದಾಗ ಅಪ್ಪನೇ ರಸೀದಿ ಸಮೇತ ಕೊಂಡಿದ್ದ. ಅದು ಒಂದೇ ಕಂಪ್ಯೂಟರಿನಲ್ಲಿದೆ. ಉಳಿದ ದಿನನಿತ್ಯದ ಕೆಲಸವೆಲ್ಲ, ಪತ್ರ, ಕೊಟೇಶನ್, ಪಗಾರದ ಪಟ್ಟಿ, ಗಿರಾಕಿಗಳು ಕಳಿಸುವ ಮ್ಯಾಟರ್, ನಡೆಯುತ್ತಿದ್ದದ್ದು ಆ ಕಳ್ಳ ಪ್ರತಿಯ ಮೇಲೆ.

ಅಪ್ಪನಿಗೆ ಹೇಳಲು ನನಗೇಕೆ ಅಂಜಿಕೆ ಎಂದರೆ, ಅದಕ್ಕೊಂದು ಹಳೆಯ ಕತೆ ಇದೆ.

ಗದಗಿನಲ್ಲಿ ಅಪ್ಪ ಪ್ರೆಸ್ಸು ಹಾಕಿದಾಗ ಅವನ ಬಳಿ ಇದ್ದದ್ದು ಒಂದು ಟ್ರೆಡಲ್ ಮಷಿನ್ನು ಮತ್ತು ಕೆಲವೇ ಕೇಸು ಸೀಸದ ಮೊಳೆ. ಕನ್ನಡದ ಮೊಳೆ ಎಷ್ಟಿದ್ದರೂ ಸಾಲುತ್ತಿರಲಿಲ್ಲ. ಕಾಗುಣಿತ, ಒತ್ತಕ್ಷರ, ಅರ್ಕಾವತ್ತು ಎಂದು ಕೇಸಿನ ಮನೆಗಳು ಬೆಳೆಯುತ್ತಲೇ ಹೋಗುತ್ತವೆ. ಒಂದು ಪುಟ ಜೋಡಿಸಿ ಮುಗಿಯುವಷ್ಟರಲ್ಲಿ ಯಾವುದೋ ಒಂದು ಒತ್ತು ಖಾಲಿ. ಆಗ ಪಕ್ಕದ ಪ್ರೆಸ್ಸಿನಿಂದ ಎಣಿಸಿ ಕಡ ತಂದು, ಅಚ್ಚಾದ ಮೇಲೆ ಎಣಿಸಿ ತಿರುಗಿ ಕೊಡುವುದು ವಾಡಿಕೆ. ಎಣಿಸದೆ ತರುವುದೂ ಇತ್ತು, ಅದಕ್ಕೆ ಹೆಸರು ಬೇರೆ.

ನಮ್ಮ ಕಾಕಾ ಕೆಲಸಕ್ಕೆ ಸೇರಿದ್ದು ಹಾಗೆ ಎಣಿಸದೆ ತಂದ ಮೊಳೆಯೊಂದಿಗೆ. ಕಾಕಾ ಎಂದರೆ ಅಪ್ಪನ ತಮ್ಮನಲ್ಲ, ನಮ್ಮ ಕಂಪೋಸಿಟರ್. ನಾನು ಹುಟ್ಟುವ ಮುಂಚಿನಿಂದ ಇದ್ದಾರೆ, ಹಾಗಾಗಿ ಕಾಕಾ. ಹದಿನೆಂಟರ ಹುಡುಗ ಹಳೆಯ ಪ್ರೆಸ್ಸು ಬಿಟ್ಟು ಇಲ್ಲಿಗೆ ಬಂದ ಮೊದಲ ದಿನ, ಹೊಸ ಮಾಲಕನನ್ನು ಖುಷಿಪಡಿಸಲೆಂದು ಕಿಸೆಯಿಂದ ಒಂದು ಹಿಡಿ ಮೊಳೆ ತೆಗೆದು ಕಲ್ಲಿನ ಮೇಲೆ ಇಟ್ಟನಂತೆ. ಅಪ್ಪ ಎಣಿಸಿದ. ಹನ್ನೊಂದು. ಕಾಗದದಲ್ಲಿ ಕಟ್ಟಿ, “ಕೊಟ್ಟು ಬಾ, ಬಂದ ಮ್ಯಾಲೆ ನಿನ್ನ ಪಗಾರ ಮಾತಾಡೋಣು. ಇನ್ನೊಬ್ಬರ ಕೇಸಿನ ಮೊಳಿ ನಮ್ಮ ಸ್ಟಿಕ್ಕಿನ್ಯಾಗ ಬರಬಾರದು” ಅಂದನಂತೆ. ಕಾಕಾ ಆ ಹಳೆಯ ಮಾಲಕನ ಮುಂದೆ ನಿಂತು ಬೈಸಿಕೊಂಡು ಬಂದ ಕತೆಯನ್ನು ನಾನು ಸಣ್ಣವಳಿದ್ದಾಗಿನಿಂದ ಕೇಳಿದ್ದೇನೆ. ಒಂದೊಂದು ಸಲ ಬೈಗುಳ ಬದಲಾಗುತ್ತದೆ, ಹನ್ನೊಂದು ಮಾತ್ರ ಬದಲಾಗುವುದಿಲ್ಲ.

ಸಂಜೆ ಬಾಗಿಲು ಹಾಕುವ ಹೊತ್ತಿಗೆ ಅಪ್ಪನಿಗೆ ಎಲ್ಲ ಹೇಳಿದೆ. ಬೈಯುತ್ತಾನೆ ಅಂದುಕೊಂಡಿದ್ದೆ. ಬೈಯಲಿಲ್ಲ. ಕೈಕೋಲು ಊರಿ ಎದ್ದು, ನಾಲ್ಕೂ ಕಂಪ್ಯೂಟರಿನ ಮೇಲೆ ಬಟ್ಟೆ ಹೊದಿಸುತ್ತ, “ಎಷ್ಟು ವರ್ಷ ಆತು?” ಎಂದ. “ಎಂಟು” ಅಂದೆ. ಕಾಕಾ ಮಾತ್ರ ಸುಮ್ಮನಿರಲಿಲ್ಲ. “ನನ್ನ ಕಿಸೆದಾಗಿನ ಹನ್ನೊಂದು ಮೊಳಿ ವಾಪಸ್ ಕೊಡಿಸಿದ್ದೆಲ್ಲೋ ಮಾರಾಯ. ಈಗ ಮಗಳು ಇಡೀ ಕೇಸ ಎತ್ತಿಕೊಂಡು ಬಂದಾಳ ನೋಡು” ಎಂದು ನಕ್ಕರು. ಆ ನಗೆಯಲ್ಲಿ ನಲವತ್ತು ವರ್ಷದ ಬಾಕಿ ವಸೂಲಾದ ಸಮಾಧಾನವಿತ್ತು.

ನಾನು ಧಾರವಾಡದಲ್ಲಿ ಕನ್ನಡ ಎಂ.ಎ. ಓದಿದವಳು. ಅಪ್ಪನಿಗೆ ಮಂಡಿಯ ಆಪರೇಶನ್ ಆದ ಮೇಲೆ ಊರಿಗೆ ಬಂದು ಪ್ರೆಸ್ಸಿನಲ್ಲಿ ಕೂತೆ. ಹಾಸ್ಟೆಲ್ಲಿನಲ್ಲಿ ನಾವು ಪುಸ್ತಕ ಓದುತ್ತಿದ್ದ ರೀತಿ ನಿಮಗೆ ಗೊತ್ತಿರುತ್ತದೆ. ಒಬ್ಬಳು ಕೊಂಡರೆ ಹತ್ತು ಜನಕ್ಕೆ ಝೆರಾಕ್ಸ್. ಆಮೇಲೆ ಝೆರಾಕ್ಸೂ ಇಲ್ಲ, ವಾಟ್ಸ್‌ಆ್ಯಪ್ ಗುಂಪಿನಲ್ಲಿ “ಪಿಡಿಎಫ್ ಇದ್ದರೆ ಹಾಕಿ” ಎಂಬ ಒಂದು ಸಾಲು. ಬದುಕಿರುವ ಲೇಖಕರ ಕಾದಂಬರಿಗಳು ನನ್ನ ಫೋನಿನಲ್ಲಿದ್ದವು. ಅವುಗಳ ಬಗ್ಗೆ ಸೆಮಿನಾರಿನಲ್ಲಿ ಪ್ರಬಂಧ ಮಂಡಿಸಿ ಚಪ್ಪಾಳೆಯನ್ನೂ ಪಡೆದಿದ್ದೆ. ಅಂಥವಳಿಗೆ ಒಂದು ಆಫೀಸ್ ಪ್ಯಾಕೇಜಿನ ಕಳ್ಳ ಪ್ರತಿ ಪಾಪವೆನಿಸುವುದಾದರೂ ಹೇಗೆ?

ಆ ರಾತ್ರಿ ಕುತೂಹಲಕ್ಕೆ ಕಾನೂನು ತೆಗೆದು ಓದಿದೆ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆ ‘ಸಾಹಿತ್ಯ ಕೃತಿ’ ಎಂಬುದಕ್ಕೆ ಕೊಡುವ ವ್ಯಾಖ್ಯೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಮೂ ಸೇರಿದೆ. ಎರಡು ವರ್ಷ ಕಾವ್ಯಮೀಮಾಂಸೆ ಓದಿದರೂ ಯಾರೂ ಹೇಳಿರದ ವಿಷಯ ಇದು. ಕಾದಂಬರಿ, ಕವಿತೆ, ವರ್ಡ್, ಎಕ್ಸೆಲ್ ಎಲ್ಲ ಒಂದೇ ಪಂಕ್ತಿಯಲ್ಲಿ ಕೂತಿವೆ. ಅದೇ ಕಾಯ್ದೆಯ 63ಬಿ ಕಲಮು ಓದಿದಾಗ ಮಾತ್ರ ನಗು ನಿಂತಿತು. ಕಳ್ಳ ಪ್ರತಿ ಎಂದು ತಿಳಿದೂ ಕಂಪ್ಯೂಟರಿನಲ್ಲಿ ಬಳಸಿದವರಿಗೆ 7 ದಿನಕ್ಕೆ ಕಡಿಮೆಯಿಲ್ಲದಂತೆ 3 ವರ್ಷದವರೆಗೆ ಸೆರೆ, 50,000 ರೂಪಾಯಿಗೆ ಕಡಿಮೆಯಿಲ್ಲದಂತೆ 2 ಲಕ್ಷದವರೆಗೆ ದಂಡ. ಲಾಭಕ್ಕಾಗಿ ಅಥವಾ ವ್ಯಾಪಾರದಲ್ಲಿ ಬಳಸದಿದ್ದವರಿಗೆ ನ್ಯಾಯಾಲಯ ರಿಯಾಯಿತಿ ತೋರಬಹುದು. ನಾವು ಬಳಸಿದ್ದು ವ್ಯಾಪಾರಕ್ಕೇ. ನಮ್ಮ ಊರಿನಲ್ಲಿ ಇದಕ್ಕಾಗಿ ಯಾರಾದರೂ ಜೈಲಿಗೆ ಹೋದದ್ದನ್ನು ನಾನು ಕಂಡಿಲ್ಲ. ಆದರೆ ನನ್ನನ್ನು ಕಾಡಿದ್ದು ಜೈಲಲ್ಲ. ಹಿಂದೊಮ್ಮೆ ಒಬ್ಬ ವ್ಯಾಪಾರಿ ಪರೀಕ್ಷೆಯ ಗೈಡೊಂದನ್ನು ತಂದು, ಪ್ರಕಾಶಕರ ಹೆಸರು ತೆಗೆದು ಎರಡು ಸಾವಿರ ಪ್ರತಿ ಹೊಡೆದುಕೊಡಲು ಕೇಳಿದ್ದ. ಮುಂಗಡ ಟೇಬಲ್ ಮೇಲಿತ್ತು. ಆ ತಿಂಗಳು ನನ್ನ ಅಕ್ಕನ ಫೀ ಕಟ್ಟುವುದಿತ್ತು. ಅಪ್ಪ ಮುಂಗಡ ತಿರುಗಿ ಕೊಟ್ಟಿದ್ದ. ಅವ್ವ ಎರಡು ದಿನ ಮಾತು ಬಿಟ್ಟಿದ್ದಳು. ಅದು ನನಗೆ ನೆನಪಿತ್ತು.

ಮರುದಿನ ಒಂದು ಕಂಪ್ಯೂಟರ್ ಅಂಗಡಿಗೆ ಫೋನ್ ಮಾಡಿ, ನಾಲ್ಕು ಮಷಿನ್ನಿಗೆ ಅಸಲಿ ಆಫೀಸ್ ಪ್ಯಾಕೇಜ್ ಹಾಕಿದರೆ ಎಷ್ಟಾಗುತ್ತದೆಂದು ಕೊಟೇಶನ್ ತರಿಸಿದೆ. ಅದರಲ್ಲಿ ಎರಡು ದಾರಿಗಳಿದ್ದವು. ಒಂದು ಒಮ್ಮೆಲೇ ಕೊಳ್ಳುವುದು. ಇನ್ನೊಂದು ತಲೆಗಿಷ್ಟು ಎಂದು ತಿಂಗಳು ತಿಂಗಳು ಅಥವಾ ವರ್ಷಕ್ಕೊಮ್ಮೆ ಕಟ್ಟುವುದು. ಕೆಳಗೆ ಕಡಿಮೆ ಬೆಲೆಯ ಇನ್ನೊಂದು ಪ್ಯಾಕೇಜೂ ಇತ್ತು. ಅದರ ಕರಾರು ಓದಿದರೆ, ಅದು ಮನೆಯ ಮತ್ತು ವಿದ್ಯಾರ್ಥಿಗಳ ಬಳಕೆಗೆ, ವ್ಯಾಪಾರಕ್ಕಲ್ಲ. ಅಂಗಡಿಯವನು “ಯಾರು ಕೇಳ್ತಾರ್ರಿ ಮೇಡಮ್” ಎಂದ. ಕೆಂಪು ಪಟ್ಟಿಯಿಂದ ತಪ್ಪಿಸಿಕೊಂಡು ಬೇರೊಂದು ಸುಳ್ಳಿಗೆ ಹೋಗುವುದಿತ್ತು, ಅಷ್ಟೆ. ಒಮ್ಮೆಲೇ ಕೊಳ್ಳುವ ದಾರಿಯ ಮೊತ್ತವನ್ನು ಕೂಡಿಸಿ ನೋಡಿದರೆ, ನಮ್ಮ ಬೈಂಡಿಂಗ್ ಅಕ್ಕನ ಎಷ್ಟೋ ತಿಂಗಳ ಪಗಾರ. ಲಗ್ನದ ಸೀಜನ್ ಮುಗಿದ ಮೇಲೆ ಆಷಾಢದಲ್ಲಿ ನಾವು ಪಗಾರಕ್ಕೇ ತಿಣುಕುವವರು.

ತಿಂಗಳಿಗೆ ಕಟ್ಟುವ ದಾರಿಯನ್ನು ಅಪ್ಪನಿಗೆ ವಿವರಿಸಿದೆ. “ಅಂದ್ರ ಬಾಡಿಗಿ ಮನಿ” ಎಂದ. “ಬಾಡಿಗಿ ಕೆಟ್ಟದ್ದೇನಲ್ಲ. ಆದ್ರ ನಮ್ಮ ಗಿರಾಕಿ ಬಾಕಿ ಉಳಿಸಿದ ತಿಂಗಳು ಏನು ಮಾಡತಿ? ಮನಿ ಖಾಲಿ ಮಾಡತಿಯೇನು?” ಆ ಪ್ರಶ್ನೆ ಸರಿಯಾಗಿತ್ತು. ಕಟ್ಟುವುದನ್ನು ನಿಲ್ಲಿಸಿದರೆ ನಮ್ಮ ಕಡತಗಳು ನಮ್ಮಲ್ಲೇ ಇರುತ್ತವೆ, ತಿದ್ದುವ ಸಲಕರಣೆ ಇರುವುದಿಲ್ಲ.

ಆಗ ನಾನು ಮಾಡಿದ ಒಂದೇ ಬುದ್ಧಿವಂತಿಕೆಯ ಕೆಲಸವೆಂದರೆ, ಒಂದು ಹಳೆಯ ಬಿಲ್ ಬುಕ್ಕಿನ ಹಿಂಬದಿಯಲ್ಲಿ ವಾರವಿಡೀ ಬರೆದಿಟ್ಟದ್ದು. ಯಾರು, ಯಾವ ಮಷಿನ್ನಿನಲ್ಲಿ, ಏನು ಮಾಡಿದರು. ಶನಿವಾರ ಲೆಕ್ಕ ಹಾಕಿದೆ. ಪತ್ರ ಮತ್ತು ಕೊಟೇಶನ್ ಟೈಪು ಮಾಡುವುದು, ಗಿರಾಕಿಯ ಮ್ಯಾಟರ್ ತೆರೆದು ತಿದ್ದುವುದು, ಕಾಗದದ ಸ್ಟಾಕು ಕೂಡಿ ಕಳೆಯುವುದು, ಪಗಾರದ ಪಟ್ಟಿ, ಪಿಡಿಎಫ್ ಮಾಡಿ ಪ್ರೂಫ್ ಕಳಿಸುವುದು. ಇಷ್ಟೇ. ಅಷ್ಟು ದೊಡ್ಡ ಪ್ಯಾಕೇಜಿನಲ್ಲಿ ನಾವು ತುಳಿಯುತ್ತಿದ್ದದ್ದು ಅಂಗಳದ ಒಂದು ಮೂಲೆಯನ್ನು. ಎಂಟು ವರ್ಷ ಕದ್ದದ್ದೂ ಹೋಗಲಿ, ಬೇಕಿಲ್ಲದ್ದನ್ನು ಕದ್ದಿದ್ದೆವು. ಒಂದೇ ಒಂದು ಕೆಲಸಕ್ಕೆ ಮಾತ್ರ ಅಸಲಿ ಎಕ್ಸೆಲ್ ಬೇಕಿತ್ತು. ಜಿಎಸ್‌ಟಿಯ ಕೆಲವು ಆಫ್‌ಲೈನ್ ಹಾಳೆಗಳು ಮ್ಯಾಕ್ರೋ ತುಂಬಿಕೊಂಡು ಬರುತ್ತವೆ, ಅವು ಬೇರೆ ಕಡೆ ಸರಿಯಾಗಿ ಓಡುವುದಿಲ್ಲ.

ಉಳಿದ ಕೆಲಸಕ್ಕೆ ಏನಿದೆ ಎಂದು ಹುಡುಕಿದೆ. ಗೂಗಲ್ ಡಾಕ್ಸ್ ಚೆನ್ನಾಗಿತ್ತು. ಆದರೆ ನಮ್ಮ ಓಣಿಯಲ್ಲಿ ಮಳೆ ಬಂದರೆ ಮೊದಲು ಹೋಗುವುದು ಇಂಟರ್‌ನೆಟ್, ಆಮೇಲೆ ಕರೆಂಟು. ನೆರೆಯ ತಮಿಳುನಾಡಿನ ಜೋಹೋದ ಬರಹ ಸಲಕರಣೆಗಳನ್ನೂ ನೋಡಿದೆ. ಅಲ್ಲಿಯೂ ನೆಟ್ಟಿನದೇ ಚಿಂತೆ. ಕೊನೆಗೆ ಕೂತದ್ದು ಲಿಬ್ರೆಆಫೀಸ್ ಮುಂದೆ. ಇಳಿಸಿಕೊಳ್ಳಲು ದುಡ್ಡಿಲ್ಲ, ಎಷ್ಟು ಮಷಿನ್ನಿಗಾದರೂ ಹಾಕಬಹುದು, ವ್ಯಾಪಾರಕ್ಕೂ ಬಳಸಬಹುದು ಎಂದು ಅದರ ಪರವಾನಗಿಯೇ ಹೇಳುತ್ತದೆ.

“ಪುಕ್ಕಟೆ ಕೊಡವ್ರಿಗೆ ಲಾಭ ಏನು?” ಅಪ್ಪನ ಪ್ರಶ್ನೆ. ಪುಕ್ಕಟೆ ಎಂಬ ಮಾತು ಕೇಳಿದರೆ ಅವನಿಗೆ ಮೈಯೆಲ್ಲ ಕಣ್ಣು. ಅವನಿಗೆ ಅದರ ಹುಟ್ಟು ಹೇಳಿದೆ. ಜರ್ಮನಿಯಲ್ಲಿ ಸ್ಟಾರ್‌ಆಫೀಸ್ ಎಂದು ಹುಟ್ಟಿದ್ದನ್ನು ಅಮೆರಿಕದ ಸನ್ ಕಂಪನಿ 1999ರಲ್ಲಿ ಕೊಂಡಿತು. 2000ದಲ್ಲಿ ಅದರ ಒಳಗಿನ ಬರಹವನ್ನೆಲ್ಲ ಯಾರಾದರೂ ನೋಡಿ ತಿದ್ದಬಹುದೆಂದು ತೆರೆದಿಟ್ಟಿತು. 2010ರಲ್ಲಿ ಸನ್ ಕಂಪನಿಯೇ ಒರಾಕಲ್ ಕೈಗೆ ಹೋಯಿತು. ಮುಂದೇನೋ ಎಂಬ ಅಂಜಿಕೆಯಿಂದ, ಅದನ್ನು ಕಟ್ಟುತ್ತಿದ್ದ ಮಂದಿ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬೇರೆ ಬಂದು ಡಾಕ್ಯುಮೆಂಟ್ ಫೌಂಡೇಶನ್ ಎಂದು ತಮ್ಮದೇ ಸಂಸ್ಥೆ ಮಾಡಿಕೊಂಡು ಲಿಬ್ರೆಆಫೀಸ್ ನಡೆಸಿದರು. ಅದನ್ನೇ ನಂಬಿಕೊಂಡ ಕಂಪನಿಗಳು ತಮ್ಮ ನೌಕರರನ್ನು ಅದಕ್ಕೆ ಹಚ್ಚುತ್ತವೆ, ಬಿಡುವಿನಲ್ಲಿ ಕೆಲಸ ಮಾಡುವವರಿದ್ದಾರೆ, ದೇಣಿಗೆ ಕೊಡುವವರಿದ್ದಾರೆ. ಅದಕ್ಕೆ ಕನ್ನಡದ ಮೆನು ಕೂಡ ಇದೆ, ಅದನ್ನೂ ಯಾರೋ ಕೂತು ಅನುವಾದ ಮಾಡಿದ್ದಾರೆ.

ಅಪ್ಪ ಬಹಳ ಹೊತ್ತು ಯೋಚಿಸಿದ. “ಅಂದ್ರ ಕಣಗಿನಹಾಳದ ಸೊಸೈಟಿ ಇದ್ದಂಗ” ಎಂದ.

ಕಣಗಿನಹಾಳ ನಮ್ಮ ಗದಗಿನ ಪಕ್ಕದ ಹಳ್ಳಿ. 1905ರಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳತನದಲ್ಲಿ ಅಲ್ಲಿ ರೈತರೆಲ್ಲ ಸೇರಿ ಸಾಲದ ಸಹಕಾರ ಸಂಘ ಕಟ್ಟಿದರು. ದೇಶದ ಸಹಕಾರ ಚಳವಳಿಯ ಮಾತು ಬಂದರೆ ಆ ಹಳ್ಳಿಯ ಹೆಸರು ಬಂದೇ ಬರುತ್ತದೆ. ನಮ್ಮ ಕಡೆಯವರಿಗೆ ಅದೊಂದು ಹೆಮ್ಮೆ. ಸಾಹುಕಾರನ ಬಡ್ಡಿಯಿಂದ ತಪ್ಪಿಸಿಕೊಳ್ಳಲು ಮಂದಿ ತಾವೇ ಪೆಟ್ಟಿಗೆ ಮಾಡಿಕೊಂಡರು. ಹೋಲಿಕೆ ನನಗೆ ಹಿಡಿಸಿತು. ಆದರೆ ಅಪ್ಪ ಮುಂದಿನ ಮಾತನ್ನೂ ಹೇಳಿದ. “ಸೊಸೈಟ್ಯಾಗ ಪುಕ್ಕಟೆ ಏನಿಲ್ಲ ಮತ್ತ. ಮೊದಲ ಷೇರು ಕಟ್ಟಬೇಕು.” ಆಗ ಆ ಮಾತನ್ನು ನಾನು ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ.

ನಿಜವಾದ ತೊಡಕು ಕಾಕಾ ಅವರದು. ಸೀಸದ ಮೊಳೆಯಿಂದ ಕಂಪ್ಯೂಟರಿಗೆ ಬರುವಾಗಲೇ ಅವರಿಗೆ ಮೀಸೆ ನರೆಯಲು ಶುರುವಾಗಿತ್ತು. ಆಗ ಅವರ ಕೈ ಹಿಡಿದದ್ದು ನುಡಿ. ಕನ್ನಡ ಗಣಕ ಪರಿಷತ್ತು ಮಾಡಿದ ಈ ತಂತ್ರಾಂಶದ ಕೀಲಿಮಣೆ ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸವನ್ನು ಆಧರಿಸಿದ್ದು. ಎರಡು ತಿಂಗಳಲ್ಲಿ ಕಾಕಾ ಅದರ ಮೇಲೆ ಓಡತೊಡಗಿದ್ದರು. ಈಗ ಅವರಿಗೆ ಐವತ್ತೆಂಟು. “ತಂಗಿ, ಇನ್ನೊಮ್ಮೆ ಕಲಿಯೂ ವಯಸ್ಸಲ್ಲ ಇದು. ಆಗೂದಿಲ್ಲ ಅಂದ್ರ ಹೇಳು, ಮನಿಗೆ ಹೋಗತೀನಿ” ಅಂದರು. ಅವರ ದನಿಯಲ್ಲಿ ಸಿಟ್ಟು ಇದ್ದಿದ್ದರೆ ಚೆನ್ನಾಗಿತ್ತು, ಇರಲಿಲ್ಲ. ಅವರ ಮಗ ಹುಬ್ಬಳ್ಳಿಯಲ್ಲಿ ಕೆಲಸ ಹುಡುಕುತ್ತಿದ್ದ. ಮನೆ ನಡೆಯುತ್ತಿದ್ದದ್ದು ಈ ಪಗಾರದ ಮೇಲೆ.

ಕೀಲಿಮಣೆ ಬದಲಾಗುವುದಿಲ್ಲ ಎಂದು ತಿಳಿಸಿದೆ. ನುಡಿಯಲ್ಲೇ ಯೂನಿಕೋಡ್ ಇದೆ, ಬೆರಳು ಅಲ್ಲೇ ಓಡುತ್ತವೆ. ಬದಲಾಗುವುದು ಅಕ್ಷರವನ್ನು ಒಳಗೆ ಕೂಡಿಡುವ ಕ್ರಮ. ಹಳೆಯ ಫಾಂಟುಗಳಲ್ಲಿ ಕನ್ನಡವು ಇಂಗ್ಲಿಷಿನ ಜಾಗದಲ್ಲಿ ವೇಷ ಹಾಕಿಕೊಂಡು ಕೂತಿರುತ್ತದೆ. ಆ ಫಾಂಟು ಇಲ್ಲದ ಮಷಿನ್ನಿನಲ್ಲಿ ತೆರೆದರೆ ಕೊಂಬು ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳ ಸಂತೆ. ಯೂನಿಕೋಡಿನಲ್ಲಿ ಕನ್ನಡಕ್ಕೆ ತನ್ನದೇ 128 ಮನೆಗಳ ಓಣಿ ಇದೆ. 1991ರ ಮೊದಲ ಆವೃತ್ತಿಯಿಂದಲೂ ಇದೆ. ನಮ್ಮ ಪ್ರೆಸ್ಸು ಅಲ್ಲಿಗೆ ಹೋಗಲು ಮೂವತ್ತು ವರ್ಷ ತಡ ಮಾಡಿತ್ತು.

ಮೊದಲ ವಾರ ಗೊಂದಲವೋ ಗೊಂದಲ. ಕನ್ನಡ ಮೆನು ಹಾಕಿ ಕೊಟ್ಟೆ, ಕಾಕಾ ಬೇಡವೆಂದರು. “ಫೈಲ್, ಎಡಿಟ್ ಅಂತನ ಇರಲಿ ಮಾರಾಯ್ತಿ, ಅವನ್ನ ಕಲಿಯಾಕ ನಾ ಪಟ್ಟ ಕಷ್ಟ ನೀರಾಗ ಹೋಗತೈತಿ.” ಕನ್ನಡದ ಅಕ್ಷರ ಮತ್ತು ಇಂಗ್ಲಿಷ್ ಅಕ್ಷರಕ್ಕೆ ಶೈಲಿಯಲ್ಲಿ ಬೇರೆ ಬೇರೆ ಕಡೆ ಫಾಂಟು, ಗಾತ್ರ ಕೊಡಬೇಕು ಎಂಬುದು ತಿಳಿಯದೆ, ಒಂದೇ ಸಾಲಿನಲ್ಲಿ ಕನ್ನಡ ಸಣ್ಣದು, ಅಂಕಿ ದೊಡ್ಡದು ಆಯಿತು. ಉಳಿಸಿದ ಕಡತಗಳು ಗಿರಾಕಿಗಳಿಗೆ ತೆರೆಯಲಿಲ್ಲ. ಎಲ್ಲರಿಗೂ ಪರಿಚಿತವಾದ ವರ್ಡಿನ ರೂಪದಲ್ಲೇ ತಾನಾಗಿ ಉಳಿಯುವಂತೆ ಒಂದು ಕಡೆ ಬದಲಿಸಬೇಕಿತ್ತು, ಬದಲಿಸಿದೆ. ಬೇರೆಯವರು ಮಾಡಿದ ಕೋಷ್ಟಕಗಳು ಆಚೀಚೆ ಸರಿದವು. ಮ್ಯಾಟರಿನ ಜೊತೆ ಒಂದು ಪಿಡಿಎಫನ್ನೂ ಕಳಿಸಿ ಎಂದು ಗಿರಾಕಿಗಳಿಗೆ ಹೇಳುವ ರೂಢಿ ಮಾಡಿಕೊಂಡೆವು. ಎರಡನೆಯ ವಾರಕ್ಕೆ ಕಾಕಾ ಬೈಯುವುದನ್ನು ನಿಲ್ಲಿಸಿದರು. ನನಗೆ ಗೆದ್ದ ಹುಮ್ಮಸ್ಸು.

ಆ ಹುಮ್ಮಸ್ಸಿನಲ್ಲೇ ಆದದ್ದು ಅನಾಹುತ. ಲಕ್ಕುಂಡಿ ಕಡೆಯ ಒಂದು ಮನೆಯವರದು ಏಳುನೂರು ಲಗ್ನಪತ್ರಿಕೆ. ಒಳಪುಟ ಒಂದೇ ಬಣ್ಣ. ಅವರದೇ ಮನೆಯ ಹಿರಿಯ ಮಗಳ ಲಗ್ನಪತ್ರಿಕೆ ನಮ್ಮ ಹಳೆಯ ಕಡತದಲ್ಲಿತ್ತು. “ಅದನ್ನ ಇಟ್ಟು ಹೆಸರು, ತಾರೀಖು ಬದಲು ಮಾಡ್ರಿ ಸಾಕು” ಎಂದಿದ್ದರು. ಅದನ್ನು ಪೂರ್ತಿ ಹೊಸ ವ್ಯವಸ್ಥೆಯಲ್ಲೇ ಮಾಡಿ ತೋರಿಸಬೇಕೆಂದು ನನಗೆ ಹಟ. ಅಂದು ಕಾಕಾ ಮಗನ ಇಂಟರ್‌ವ್ಯೂ ಎಂದು ರಜೆ ಹಾಕಿದ್ದರು. ಹಳೆಯ ಮ್ಯಾಟರನ್ನು ಇಂಟರ್‌ನೆಟ್ಟಿನಲ್ಲಿ ಸಿಕ್ಕ ಒಂದು ಪರಿವರ್ತಕದಲ್ಲಿ ಹಾಕಿ ಯೂನಿಕೋಡಿಗೆ ತಂದೆ. ‘ಆಶೀರ್ವಾದ’ ಒಡೆದು ಚೂರಾಗಿ ಬಂದಿತ್ತು, ಕಣ್ಣಿಗೆ ಕಂಡಿತು, ತಿದ್ದಿದೆ. ಉಳಿದದ್ದೆಲ್ಲ ಸರಿ ಕಂಡಿತು. ಗಿರಾಕಿಯೂ ಫೋನಿನಲ್ಲಿ ಪ್ರೂಫ್ ನೋಡಿ, ಹೆಸರು ತಾರೀಖು ಅಷ್ಟೇ ಪರೀಕ್ಷಿಸಿ, “ಓಕೆ” ಎಂದರು. ರಾತ್ರಿ ಅಚ್ಚಾಯಿತು.

ಮರುದಿನ ಬಂಡಲು ಬಿಚ್ಚಿದ್ದು ಹುಡುಗಿಯ ಸೋದರಮಾವ. ಒಂದು ಕಾರ್ಡು ತೆಗೆದು, ಕನ್ನಡಕ ಏರಿಸಿ, ಗಟ್ಟಿಯಾಗಿ ಓದುತ್ತ ಹೋದವರು ನಡುವೆ ನಿಂತರು.

“ಮುಹೂತರ್ ಅಂದ್ರ ಏನ್ರಿ ತಂಗೆಮ್ಮಾ?”

ಏಳುನೂರು ಕಾರ್ಡಿನಲ್ಲೂ ‘ಮುಹೂರ್ತ’ ಹೋಗಿ ‘ಮುಹೂತರ್’ ಕೂತಿತ್ತು. ಎರಡು ಕಡೆ. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ಹಿಂದಿನಿಂದ ಬರುತ್ತದೆ. ಆ ಪರಿವರ್ತಕ ಅದನ್ನು ಹಿಂದೆಯೇ ಬಿಟ್ಟಿತ್ತು. ‘ಕನರ್ಾಟಕ’ ಎಂದು ಒಡೆದ ಕನ್ನಡವನ್ನು ಇಂಟರ್‌ನೆಟ್ಟಿನಲ್ಲಿ ನೀವೂ ನೋಡಿರುತ್ತೀರಿ, ಅದು ಇದೇ ಕತೆ. ಒಡೆದದ್ದು ಕಣ್ಣಿಗೆ ಬೀಳುತ್ತದೆ. ‘ಮುಹೂತರ್’ ಒಡೆದಿರಲಿಲ್ಲ, ಒಂದು ಪದದ ಹಾಗೆಯೇ ಕೂತಿತ್ತು. ಹಾಗಾಗಿ ಎಂ.ಎ. ಓದಿದ ನನ್ನ ಕಣ್ಣು ಅದರ ಮೇಲೆ ಜಾರಿ ಹೋಗಿತ್ತು. ಸೋದರಮಾವ ಜಗಳ ಮಾಡಲಿಲ್ಲ. “ಮುಹೂರ್ತನ ತಪ್ಪಿಸಿದ್ರಲ್ಲ” ಎಂದಷ್ಟೇ ಹೇಳಿ ಬೆಂಚಿನ ಮೇಲೆ ಕೂತರು. ಆ ಮನೆಯಲ್ಲಿ ಮೊದಲ ಮಗಳ ಗಂಡ ತೀರಿಹೋಗಿದ್ದ ಎಂಬುದು ಆಮೇಲೆ ಗೊತ್ತಾಯಿತು. ಅಂಥ ಮನೆಗೆ ಈ ಮಾತು ಬರೀ ಅಚ್ಚಿನ ತಪ್ಪಾಗಿರಲಿಲ್ಲ.

ನಾಳೆ ಬೆಳಗ್ಗೆ ಏಳಕ್ಕೆ ಹೊಸ ಕಾರ್ಡು ಮನೆಗೆ ತಲುಪಿಸುತ್ತೇವೆ ಎಂದು ಅಪ್ಪ ಕೈ ಮುಗಿದ. ಕಾಕಾಗೆ ಫೋನ್ ಹೋಯಿತು. ಹುಬ್ಬಳ್ಳಿಯಿಂದ ಸೀದಾ ಪ್ರೆಸ್ಸಿಗೇ ಬಂದರು. ಕಾರ್ಡು ಕೈಯಲ್ಲಿ ಹಿಡಿದು, ತಪ್ಪಿನ ಮೇಲೆ ಹೆಬ್ಬೆರಳಿಟ್ಟು, ಒಂದು ಕ್ಷಣ ಸುಮ್ಮನಿದ್ದರು. ನಾನು ಅಳುವುದೊಂದೇ ಬಾಕಿ.

“ಇದು ತಿಳಿಯೂದೈತಿ ತಂಗಿ” ಅಂದರು. “ಮೊಳಿ ಜೋಡಸೂ ಮುಂದನೂ ಅರ್ಕಾವತ್ತು ಹಿಂದಿಂದನ ಇಡತಿದ್ವಿ. ಕಣ್ಣಿಗೆ ಕಂಡಂಗ. ನಿನ್ನ ಯೂನಿಕೋಡ್‌ದಾಗ ಹೆಂಗ?”

“ಬಾಯಿಲೆ ಅಂದಂಗ, ಕಾಕಾ. ಮೊದಲ ‘ರ್’, ಆಮೇಲೆ ‘ತ’.”

“ಹಂಗಾರ ಪ್ರೂಫ್ ಬಾಯಿಲೆ ಓದಬೇಕು. ಕಣ್ಣಿಲೆ ಅಲ್ಲ.”

ಅವರು ಕೂತು ಇಡೀ ಮ್ಯಾಟರನ್ನು ಮೊದಲಿನಿಂದ ಟೈಪು ಮಾಡಿದರು, ಯೂನಿಕೋಡಿನಲ್ಲೇ, ಲಿಬ್ರೆಆಫೀಸಿನಲ್ಲೇ. ಆಮೇಲೆ ನಾನು ಗಟ್ಟಿಯಾಗಿ ಓದಿದೆ, ಅವರು ಕೇಳಿದರು. ಅವರು ಓದಿದರು, ನಾನು ಕೇಳಿದೆ. ರಾತ್ರಿ ಹನ್ನೊಂದಕ್ಕೆ ಮಷಿನ್ ಶುರುವಾಯಿತು. ಬೈಂಡಿಂಗ್ ಅಕ್ಕ ತನ್ನ ಮಗಳನ್ನೂ ಕರೆದುಕೊಂಡು ಬಂದು ಕಾರ್ಡಿನ ಮಡಿಕೆ ಹಾಕಿದಳು. ನಡುರಾತ್ರಿ ಅಪ್ಪ ಎಲ್ಲಿಂದಲೋ ಮಿರ್ಚಿ, ಗಿರ್ಮಿಟ್ ತರಿಸಿದ. ಬೆಳಗ್ಗೆ ಏಳಕ್ಕೆ ಐದು ನಿಮಿಷ ಇರುವಾಗ ನಾನು ಲಕ್ಕುಂಡಿ ಹಾದಿಯಲ್ಲಿದ್ದೆ. ಆ ಏಳುನೂರು ಕಾರ್ಡು ಮತ್ತು ಕಾಗದದ ನಷ್ಟ ಕೂಡಿಸಿದರೆ ಒಂದು ಮಷಿನ್ನಿಗೆ ಅಸಲಿ ಪ್ಯಾಕೇಜು ಬರುತ್ತಿತ್ತು. ಸೋವಿ ಎಂದು ಆರಿಸಿದ್ದರ ಮೊದಲ ಬಿಲ್ಲು ಹಾಗೆ ಬಂತು. ಅದರ ತಪ್ಪು ತಂತ್ರಾಂಶದ್ದಲ್ಲ, ಅವಸರದ್ದು ಎಂದು ಹೇಳಿಕೊಳ್ಳಬೇಕಾದದ್ದು ನಾನೇ.

ಈಗ ನಮ್ಮಲ್ಲಿ ಇರುವ ಏರ್ಪಾಡು ಇದು. ಮೂರು ಮಷಿನ್ನಿನಲ್ಲಿ ಲಿಬ್ರೆಆಫೀಸ್. ನಾಲ್ಕನೆಯದರಲ್ಲಿ ಒಮ್ಮೆಲೇ ಕೊಂಡ ಅಸಲಿ ಆಫೀಸ್, ಜಿಎಸ್‌ಟಿ ಹಾಳೆಗಳಿಗೆ ಮತ್ತು ಹಟಮಾರಿ ಕಡತಗಳಿಗೆ. ಅಪ್ಪ ಕೊಂಡಿದ್ದ ಹಳೆಯ ವಿನ್ಯಾಸದ ತಂತ್ರಾಂಶ ಯೂನಿಕೋಡ್ ಕನ್ನಡವನ್ನು ಸರಿಯಾಗಿ ಜೋಡಿಸುವುದಿಲ್ಲ. ಹಾಗಾಗಿ ಬಣ್ಣದ ಕಾರ್ಡುಗಳಿಗೆ ಇನ್ನೂ ಹಳೆಯ ನುಡಿ ಫಾಂಟು. ಹಳತು ಹೊಸತರ ನಡುವೆ ಮ್ಯಾಟರ್ ದಾಟಿದಾಗಲೆಲ್ಲ ಇಬ್ಬರು ಬಾಯಿಬಿಟ್ಟು ಓದುವುದು ಕಡ್ಡಾಯ. ಹೊರಗೆ ನಿಂತವರಿಗೆ ನಮ್ಮ ಪ್ರೆಸ್ಸಿನಲ್ಲಿ ದಿನಾ ಯಾರದೋ ಲಗ್ನವೋ, ಪುಣ್ಯಸ್ಮರಣೆಯೋ ನಡೆದಿದೆ ಅನಿಸಬೇಕು. ಕಾಕಾ ಪಗಾರದ ಪಟ್ಟಿಯನ್ನು ಈಗ ತಾವೇ ಮಾಡುತ್ತಾರೆ. ನನ್ನ ಫೋನಿನಲ್ಲಿದ್ದ ಪಿಡಿಎಫುಗಳಲ್ಲಿ ಅರ್ಧ ಅಳಿಸಿದ್ದೇನೆ. ಉಳಿದರ್ಧ, ಮರುಮುದ್ರಣವಿಲ್ಲದವು, ಹಾಗೆಯೇ ಇವೆ. ಅವುಗಳ ವಿಷಯದಲ್ಲಿ ನನ್ನ ಮನಸ್ಸು ಇನ್ನೂ ಇತ್ಯರ್ಥಕ್ಕೆ ಬಂದಿಲ್ಲ.

ದೀಪಾವಳಿಯ ಲೆಕ್ಕದ ಪೂಜೆಯ ಹಿಂದಿನ ದಿನ ಅಪ್ಪ ಹಳೆಯ ಮಾತು ತೆಗೆದ. “ಆ ಸೊಸೈಟಿಗೆ ಷೇರು ಕಟ್ಟಿದಿಯೇನು?” ಕಟ್ಟಿರಲಿಲ್ಲ. “ಎಷ್ಟು ಕಟ್ಟೋಣಪ್ಪಾ?” ಎಂದೆ. “ಒಂದು ರೀಮ್ ಮ್ಯಾಪ್‌ಲಿಥೋದ ರೇಟು ಕಟ್ಟು. ಪ್ರತಿ ವರ್ಷ.” ಡಾಕ್ಯುಮೆಂಟ್ ಫೌಂಡೇಶನ್ನಿಗೆ ದೇಣಿಗೆ ಕಳಿಸಿದೆ. ಮಿಂಚಂಚೆಯಲ್ಲಿ ಬಂದ ರಸೀದಿಯನ್ನು ಅಚ್ಚು ಹಾಕಿ ಕೊಟ್ಟೆ. ಅಪ್ಪ ಅದನ್ನು ಎರಡು ಸಲ ಮಡಿಚಿ, ಕಾಗದದ ವ್ಯಾಪಾರಿಯ ಬಿಲ್ಲು, ಕರೆಂಟ್ ಬಿಲ್ಲಿನ ಮೇಲೆ ತಂತಿಗೆ ಚುಚ್ಚಿದ.

“ಖಾತೆದಾಗ ಏನಂತ ಬರೀಲಿ?” ಎಂದು ಕೇಳಿದೆ. ಬಾಡಿಗೆಯಲ್ಲ, ಪೂರ್ತಿ ದಾನವೂ ಅಲ್ಲ. ಲೆಕ್ಕದ ಪುಸ್ತಕವನ್ನು ತನ್ನ ಕಡೆ ಎಳೆದುಕೊಂಡು ಅಪ್ಪ ಹಾಳೆ ತಿರುವಿದ. ಅವನೇ ಕೈಯಾರೆ ಬರೆದ ಹಳೆಯ ಬಾಬುಗಳ ಪಟ್ಟಿ ಅದರ ಮೊದಲ ಪುಟದಲ್ಲಿತ್ತು. ವರ್ಷಗಳಿಂದ ಎದುರಿಗೆ ಒಂದು ಅಂಕಿಯೂ ಬೀಳದ ಬಾಬೊಂದರ ಮೇಲೆ ಬೆರಳಿಟ್ಟ.

“ಇಲ್ಲಿ ಬರಿ. ಮೊಳಿ ಖರೀದಿ.”